ಹಾರ್ವಿ ಕುಶಿಂಗ್: ತಲೆಬುರುಡೆಯ ತಳಕ್ಕೆ ದಾರಿ ಹುಡುಕಿದ ಶಸ್ತ್ರವೈದ್ಯ

ಒಬ್ಬನ ಮುಖದಂತೆ ಇನ್ನೊಬ್ಬನ ಮುಖವಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮುಖದ ಹಿಂದೆ, ಮೂಗಿನ ಆಚೆಯ ಆಳದಲ್ಲಿ, ಮಿದುಳನ್ನು ಹೊತ್ತು ನಿಂತಿರುವ ತಲೆಬುರುಡೆಯ ತಳವೂ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆಂಬುದನ್ನು ಬಲ್ಲವರು ವಿರಳ. ದಿನನಿತ್ಯದ ಬಾಳಿನಲ್ಲಿ ಈ ಭೇದದಿಂದ ಯಾರಿಗೂ ಬಾಧೆಯಿಲ್ಲ. ಶಸ್ತ್ರವೈದ್ಯನ ಆಯುಧ ಅಲ್ಲಿಗೆ ಪ್ರವೇಶಿಸಬೇಕಾಗಿ ಬಂದಾಗ ಮಾತ್ರ ಒಂದು ಎಲುಬಿನ ದಪ್ಪ, ಒಂದು ರಕ್ತನಾಳದ ಓರೆ, ಸಾವು ಬದುಕಿನ ಪ್ರಶ್ನೆಯಾಗುತ್ತದೆ. ಈ ದುರ್ಗಮ ಪ್ರದೇಶಕ್ಕೆ ದಾರಿ ಮಾಡಲು ತಮ್ಮ ಆಯುಷ್ಯವನ್ನು ಸವೆಸಿದ ಮಹನೀಯರಲ್ಲಿ ಅಮೆರಿಕದ ಡಾಕ್ಟರ್ ಹಾರ್ವಿ ಕುಶಿಂಗ್ ಅಗ್ರಗಣ್ಯರು.

ಕುಶಿಂಗ್ 1869ರ ಏಪ್ರಿಲ್ 8ರಂದು ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದಲ್ಲಿ ಹುಟ್ಟಿದರು. ತಂದೆತಾಯಿಗಳ ಹತ್ತು ಮಕ್ಕಳಲ್ಲಿ ಕೊನೆಯವರು. ವೈದ್ಯವೃತ್ತಿ ಆ ಮನೆತನಕ್ಕೆ ಪರಂಪರಾಗತವಾಗಿ ಬಂದುದು. ಯೇಲ್ ಕಾಲೇಜಿನ ವ್ಯಾಸಂಗವನ್ನು 1891ರಲ್ಲಿ ಮುಗಿಸಿ, 1895ರಲ್ಲಿ ಹಾರ್ವರ್ಡ್ ವೈದ್ಯವಿದ್ಯಾಲಯದಿಂದ ಪದವಿ ಪಡೆದರು.

ವಿದ್ಯಾರ್ಥಿದೆಸೆಯಲ್ಲಿಯೇ ನಡೆದ ಒಂದು ದುರಂತ ಅವರ ಸ್ವಭಾವವನ್ನು ರೂಪಿಸಿತೆನ್ನಬಹುದು. ಆ ಕಾಲದಲ್ಲಿ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸವನ್ನು ಅನುಭವವಿಲ್ಲದ ವಿದ್ಯಾರ್ಥಿಗಳಿಗೇ ಒಪ್ಪಿಸುತ್ತಿದ್ದರು. ಕುಶಿಂಗ್ ಹೀಗೆ ಈಥರ್ ಕೊಡುತ್ತಿದ್ದಾಗ ರೋಗಿಯೊಬ್ಬನು ಮೇಜಿನ ಮೇಲೆಯೇ ಪ್ರಾಣ ಬಿಟ್ಟನು. ವೈದ್ಯವೃತ್ತಿಯನ್ನೇ ತೊರೆಯಬೇಕೆಂಬಷ್ಟು ಅವರು ನೊಂದರು. ಆದರೆ ತೊರೆಯಲಿಲ್ಲ. ಸಹಪಾಠಿ ಕಾಡ್ಮನ್ನರೊಡನೆ ಸೇರಿ, ಶಸ್ತ್ರಕ್ರಿಯೆಯ ಉದ್ದಕ್ಕೂ ರೋಗಿಯ ನಾಡಿ ಮತ್ತು ಉಸಿರಾಟಗಳನ್ನು ಕಾಗದದಲ್ಲಿ ಗುರುತಿಸಿಡುವ ಪದ್ಧತಿಯನ್ನು ಆರಂಭಿಸಿದರು. 1901ರಲ್ಲಿ ಇಟಲಿಯ ಪಾವಿಯಾ ನಗರದಲ್ಲಿ ರೀವಾ–ರೋಚಿಯವರ ರಕ್ತದೊತ್ತಡ ಅಳೆಯುವ ಸಾಧನವನ್ನು ಕಂಡು, ಅದನ್ನು ಅಮೆರಿಕಕ್ಕೆ ಪರಿಚಯಿಸಿದವರೂ ಅವರೇ. ಇಂದು ಯಾವ ದವಾಖಾನೆಗೆ ಹೋದರೂ ಡಾಕ್ಟರು ಮೊದಲು ನಮ್ಮ ತೋಳಿಗೆ ಪಟ್ಟಿ ಸುತ್ತುವ ವಾಡಿಕೆಯ ಹಿಂದೆ ಇಂತಹವರ ದುಡಿಮೆಯಿದೆ.

1896ರಲ್ಲಿ ಕುಶಿಂಗ್ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ವಿಲಿಯಂ ಹಾಲ್‌ಸ್ಟೆಡ್ ಅವರಿಗೆ ಗುರುವಾದರು. ಆತುರವಿಲ್ಲದೆ, ಅಂಗಾಂಶಗಳನ್ನು ನೋಯಿಸದೆ, ಒಂದು ಹನಿ ರಕ್ತವನ್ನೂ ವ್ಯರ್ಥವಾಗಿ ಹರಿಯಗೊಡದೆ ಕೆಲಸ ಮಾಡುವ ಶಿಸ್ತನ್ನು ಅವರಿಂದ ಕಲಿತರು. ಮಿದುಳಿನ ಗೆಡ್ಡೆಗಳಿಗೆ ಕೈ ಹಾಕುವ ಧೈರ್ಯವೇ ಆಗ ಹೆಚ್ಚಿನ ವೈದ್ಯರಿಗಿರಲಿಲ್ಲ. ಹಾಕಿದಲ್ಲಿ ಬದುಕಿ ಮನೆಗೆ ಹೋಗುವವರು ಕಡಮೆ.

ಅದೇ ಕಾಲದಲ್ಲಿ, 1901ರ ಕೊನೆಗೆ, ತಲೆನೋವಿನಿಂದಲೂ ಮಂಕಾಗುತ್ತಿದ್ದ ದೃಷ್ಟಿಯಿಂದಲೂ ನರಳುತ್ತಿದ್ದ ಹದಿಹರೆಯದ ಹುಡುಗಿಯೊಬ್ಬಳು ಅವರ ಬಳಿಗೆ ಬಂದಳು. ಮೇಲಿಂದ ಮೇಲೆ ಶಸ್ತ್ರಕ್ರಿಯೆ ಮಾಡಿದರೂ ರೋಗದ ಮೂಲ ಅವರಿಗೆ ದೊರೆಯಲಿಲ್ಲ, ಹುಡುಗಿ ತೀರಿಕೊಂಡಳು. ಮರಣಾನಂತರದ ಪರೀಕ್ಷೆಯಲ್ಲಿ ಪಿಟ್ಯುಟರಿ ಗ್ರಂಥಿಯ ಬಳಿ ಗೆಡ್ಡೆ ಕಂಡಿತು. ಹುಡುಕಿದ್ದು ಒಂದು ಕಡೆ, ರೋಗವಿದ್ದುದು ಇನ್ನೊಂದು ಕಡೆ! ಈ ಸೋಲನ್ನು ಕುಶಿಂಗ್ ಮರೆಯಲಿಲ್ಲ. ಅಂದಿನಿಂದ ಪಿಟ್ಯುಟರಿ ಅವರ ಜೀವನದ ಅಧ್ಯಯನವಾಯಿತು.

ಈ ಗ್ರಂಥಿಯಿರುವ ಸ್ಥಾನವನ್ನು ವಾಚಕರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಅದರ ತೂಕ ಸುಮಾರು ಅರ್ಧ ಗ್ರಾಂ. ಒಂದು ಕಡಲೆಕಾಳಿನ ಪ್ರಮಾಣ. ತಲೆಬುರುಡೆಯ ತಳದ ನಟ್ಟನಡುವೆ, ಸ್ಫೀನಾಯ್ಡ್ ಎಂಬ ಎಲುಬಿನ ಮೇಲೆ, ಕುದುರೆಯ ಜೀನಿನಂತಿರುವ ಒಂದು ಗುಳಿಯಲ್ಲಿ ಅದು ಕುಳಿತಿದೆ. ಎಡಬಲಗಳಲ್ಲಿ ಮಿದುಳಿಗೆ ರಕ್ತವನ್ನೊಯ್ಯುವ ಕೆರಾಟಿಡ್ ಧಮನಿಗಳು. ಮೇಲೆ ಕಣ್ಣಿನ ನರಗಳು ಕೂಡುವ ಸ್ಥಳ. ಕೆಳಗೆ ಅದೇ ಎಲುಬಿನೊಳಗೆ ಗಾಳಿ ತುಂಬಿದ ಪೊಳ್ಳು ಕೋಣೆ. ಮೂಗಿನ ಹಿಂಬದಿಯಿಂದ ಈ ಕೋಣೆಯನ್ನು ಹೊಕ್ಕು ಅದರ ಮೇಲ್ಚಾವಣಿಯನ್ನು ಒಡೆದರೆ ಗ್ರಂಥಿಯನ್ನು ಮುಟ್ಟಬಹುದು.

ಆದರೆ ಎಲ್ಲರ ತಲೆಯಲ್ಲಿಯೂ ಈ ಕೋಣೆ ಒಂದೇ ನಕ್ಷೆಯಂತೆ ಕಟ್ಟಿದುದಲ್ಲ. ಹೆಚ್ಚಿನವರಲ್ಲಿ ಅದು ಗ್ರಂಥಿಯ ಅಡಿಯವರೆಗೂ ವಿಶಾಲವಾಗಿ ಹಬ್ಬಿರುತ್ತದೆ. ಕೆಲವರಲ್ಲಿ ಗ್ರಂಥಿಯ ಮುಂದೆಯೇ ನಿಂತುಬಿಡುತ್ತದೆ. ಇನ್ನು ಕೆಲವರಲ್ಲಿ ಕೋಣೆಯೇ ಬೆಳೆಯದೆ ಗಟ್ಟಿ ಎಲುಬಷ್ಟೆ ಇರುತ್ತದೆ. ಕೋಣೆಯ ನಡುಗೋಡೆ ನೇರವಾಗಿರುವುದು ಅಪರೂಪ. ಅನೇಕರಲ್ಲಿ ಅದು ಓರೆಯಾಗಿ ಸಾಗಿ ಧಮನಿಯ ಮೇಲಿನ ಎಲುಬಿಗೇ ಅಂಟಿಕೊಂಡಿರುತ್ತದೆ. ಅಂತಹ ಗೋಡೆಯನ್ನು ಮುರಿಯುವಾಗ ಕೈ ತಪ್ಪಿದರೆ ಧಮನಿಯೇ ಹರಿದೀತು. ಧಮನಿಯನ್ನು ಮುಚ್ಚಿದ ಎಲುಬು ಕಾಗದದಷ್ಟು ತೆಳುವಾಗಿರುವುದುಂಟು, ಕೆಲವೆಡೆ ಇಲ್ಲದೆಯೇ ಇರುವುದೂ ಉಂಟು. ಕೆಲವರಲ್ಲಿ ಎರಡು ಧಮನಿಗಳೂ ಕೆಲವೇ ಮಿಲಿಮೀಟರುಗಳ ಅಂತರಕ್ಕೆ ಸಮೀಪಿಸಿರುತ್ತವೆ. ಎಡವಿದರೆ ರೋಗಿಗೆ ಪ್ರಾಣಹಾನಿ, ಇಲ್ಲವೆ ಕುರುಡು.

ಮೂಗಿನ ದಾರಿಯಿಂದ ಪಿಟ್ಯುಟರಿ ಗೆಡ್ಡೆಯನ್ನು ಮೊದಲು ಮುಟ್ಟಿದವರು ಇನ್ಸ್‌ಬ್ರುಕ್ಕಿನ ಹರ್ಮನ್ ಶ್ಲಾಫರ್, 1907ರಲ್ಲಿ. ಕುಶಿಂಗ್ 1909ರಲ್ಲಿ, ಕೈಕಾಲು ಮುಖಗಳು ಮಿತಿಮೀರಿ ಬೆಳೆದಿದ್ದ ಒಬ್ಬ ರೈತನ ಮೇಲೆ ಆ ಶಸ್ತ್ರಕ್ರಿಯೆಯನ್ನು ಮಾಡಿದರು, ರೈತನು ಚೇತರಿಸಿಕೊಂಡನು. ಅನಂತರ ಇತರರು ತೋರಿದ ಉಪಾಯಗಳನ್ನೂ ಕೂಡಿಸಿ, ಮೇಲ್ತುಟಿಯ ಒಳಗಡೆ ಕೊಯ್ದು, ಮೂಗಿನ ನಡುಗೋಡೆಯ ಗುಂಟ ಸಾಗುವ ತಮ್ಮದೇ ಕ್ರಮವನ್ನು ರೂಢಿಸಿದರು. ಮುಖದ ಮೇಲೆ ಗಾಯದ ಕಲೆ ಉಳಿಯದು. ನಡುಗೋಡೆಯನ್ನು ಹಿಡಿದು ಹೋಗುವುದರಿಂದ ಪಕ್ಕದ ಧಮನಿಗಳ ಕಡೆಗೆ ವಾಲುವ ಭಯವೂ ಕಡಮೆ. ಒಳಗಿನ ಕೋಣೆ ಹೇಗಿದೆಯೆಂದು ಮೊದಲೇ ತಿಳಿಯಲು ಅವರಿಗಿದ್ದುದು ಕ್ಷ–ಕಿರಣದ ಮಸುಕು ಚಿತ್ರ ಮಾತ್ರ. ಹಾಗಿದ್ದೂ 1910ರಿಂದ 1925ರವರೆಗೆ ಈ ದಾರಿಯಿಂದ 231 ಗೆಡ್ಡೆಗಳಿಗೆ ಶಸ್ತ್ರಕ್ರಿಯೆ ನಡೆಸಿದರು. ಮರಣದ ಪ್ರಮಾಣ ನೂರಕ್ಕೆ 5.6. ಆ ದಿನಗಳಲ್ಲಿ ಇದು ಅದ್ಭುತವೇ ಸರಿ.

1912ರಲ್ಲಿ ಪಿಟ್ಯುಟರಿಯ ರೋಗಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು. ಅದೇ ವರ್ಷ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಗೆ ಹೋಗಿ ತಲೆಗೆ ಗಾಯಗೊಂಡ ಸೈನಿಕರನ್ನು ಉಪಚರಿಸಿದರು. ತಾವು ಗುರುಸಮಾನರೆಂದು ಪೂಜಿಸಿದ ಸರ್ ವಿಲಿಯಂ ಆಸ್ಲರ್ ಅವರ ಜೀವನಚರಿತ್ರೆಯನ್ನು ಬರೆದು 1926ರಲ್ಲಿ ಪುಲಿಟ್ಜರ್ ಬಹುಮಾನ ಪಡೆದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಅವರ ಹಿರಿಯ ಮಗ ವಿಲಿಯಂ ಮೋಟಾರು ಅಪಘಾತದಲ್ಲಿ ಮಡಿದನು. ಸುದ್ದಿ ಬಂದಾಗ ಶಸ್ತ್ರಕ್ರಿಯೆಗೆ ಒಬ್ಬ ರೋಗಿ ಸಿದ್ಧವಾಗಿದ್ದನು. ಕುಶಿಂಗ್ ಮನೆಯವರಿಗೆ ತಿಳಿಸಬೇಕಾದುದನ್ನು ತಿಳಿಸಿ, ತಮ್ಮ ಕರ್ತವ್ಯವನ್ನು ಮುಗಿಸಿಯೇ ಹೊರಬಂದರು.

ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸಹಾಯಕರ ಮೇಲೆ ನಿಷ್ಠುರವಾಗಿ ಹರಿಹಾಯುತ್ತಿದ್ದರು. ಮನೆಗೆ ಕೊಟ್ಟ ಕಾಲ ಸ್ವಲ್ಪವೇ. ಆದರೆ ರೋಗಿಯ ವಿಷಯದಲ್ಲಿ ತಮ್ಮ ತಪ್ಪನ್ನು ಎಂದೂ ಮುಚ್ಚಿಡಲಿಲ್ಲ. ಹಿಂದೊಮ್ಮೆ ಪಿಟ್ಯುಟರಿ ಗೆಡ್ಡೆಯೊಂದರ ತುಣುಕು ಪರೀಕ್ಷಾಲಯದಲ್ಲಿ ಕಳೆದುಹೋದುದರಿಂದ, ಪ್ರತಿಯೊಂದು ಗೆಡ್ಡೆಯನ್ನೂ ಅದರ ಪೂರ್ಣ ವೃತ್ತಾಂತದೊಡನೆ ತಾವೇ ಕಾಪಾಡತೊಡಗಿದರು. ಆ ಸಂಗ್ರಹದ ನೂರಾರು ಜಾಡಿಗಳನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ 2010ರಿಂದ ಸಾರ್ವಜನಿಕರಿಗೆ ತೋರಿಸಲಾಗುತ್ತಿದೆ.

ವಿಚಿತ್ರವೆಂದರೆ, 1920ರ ದಶಕ ಮುಗಿಯುವ ವೇಳೆಗೆ ಕುಶಿಂಗ್ ತಾವೇ ಬೆಳೆಸಿದ ಮೂಗಿನ ದಾರಿಯನ್ನು ಬಹುಮಟ್ಟಿಗೆ ಕೈಬಿಟ್ಟು, ಹಣೆಯ ಕಡೆಯಿಂದ ತಲೆಬುರುಡೆಯನ್ನು ತೆರೆಯುವ ಕ್ರಮವನ್ನು ಹಿಡಿದರು. ಇಕ್ಕಟ್ಟಾದ ಆಳದಲ್ಲಿ ಬೆಳಕು ಸಾಲದು. ಗೆಡ್ಡೆ ಮೇಲಕ್ಕೆ ಹಬ್ಬಿದ್ದರೆ ಕೈಗೆ ಎಟುಕದು. ಗುರುವಿನಂತೆ ಲೋಕವೂ ಆ ದಾರಿಯನ್ನು ಮರೆಯಿತು. ಮರೆಯದವರು ಅವರ ಶಿಷ್ಯರಾದ ಎಡಿನ್‌ಬರೋದ ನಾರ್ಮನ್ ಡಾಟ್. ಡಾಟ್‌ರಿಂದ ಪ್ಯಾರಿಸ್ಸಿನ ಜೆರಾರ್ ಗಿಯೊ, ಗಿಯೊರಿಂದ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ ಅದನ್ನು ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕವನ್ನು ಜೊತೆಗೂಡಿಸಿದ ಮೇಲೆ ಆ ದಾರಿ ಮತ್ತೆ ತೆರೆಯಿತು. ಇಂದು ಪಿಟ್ಯುಟರಿಯ ಹೆಚ್ಚಿನ ಗೆಡ್ಡೆಗಳನ್ನು ಮೂಗಿನಿಂದಲೇ ತೆಗೆಯುತ್ತಾರೆ. ಶಸ್ತ್ರಕ್ರಿಯೆಗೆ ಮುನ್ನ ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳಲ್ಲಿ ಆ ರೋಗಿಯ ಗೋಡೆ ಯಾವ ಕಡೆಗೆ ಓರೆಯಾಗಿದೆ, ಧಮನಿ ಎಲ್ಲಿ ಹೊರಳಿದೆಯೆಂಬುದನ್ನು ವೈದ್ಯರು ಒಂದೊಂದಾಗಿ ನೋಡಿಕೊಳ್ಳುತ್ತಾರೆ.

1932ರಲ್ಲಿ, ಪಿಟ್ಯುಟರಿಯ ಸಣ್ಣ ಗೆಡ್ಡೆಯಿಂದ ಮುಖ ದುಂಡಾಗಿ, ಹೊಟ್ಟೆ ಬೆಳೆದು, ರಕ್ತದೊತ್ತಡ ಏರುವ ರೋಗವನ್ನು ಕುಶಿಂಗ್ ವಿವರಿಸಿದರು. ಅದು ಅವರ ಹೆಸರನ್ನೇ ಹೊತ್ತಿದೆ. 1939ರ ಅಕ್ಟೋಬರ್ 7ರಂದು ತಮ್ಮ 70ನೆಯ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡರು. ಮರಣಾನಂತರ ಪರೀಕ್ಷಿಸಿದಾಗ ಅವರ ಮಿದುಳಿನ ನಡುವೆಯೂ ಒಂದು ಚಿಕ್ಕ ಗೆಡ್ಡೆ ಕಂಡಿತು. ಎರಡು ಸಾವಿರಕ್ಕೂ ಮಿಕ್ಕಿ ಜನರ ತಲೆಯೊಳಗಿನ ಗೆಡ್ಡೆಗಳನ್ನು ಕಂಡವರಿಗೆ ತಮ್ಮ ತಲೆಯೊಳಗಿನದು ಕಾಣಲಿಲ್ಲ. ಪ್ರತಿಯೊಬ್ಬನ ದೇಹವೂ ಬೇರೆ, ಒಳಗೇನಿದೆಯೆಂದು ನೋಡಿದಲ್ಲದೆ ಹೇಳಲಾಗದು ಎಂಬ ಪಾಠವನ್ನು ಆ ಮಹಾವೈದ್ಯರು ತಮ್ಮ ಮರಣದಿಂದಲೂ ಕಲಿಸಿಹೋದರು.