ಗಾಳಿಯ ಗತಿಯನ್ನರಿತ ಫ್ರಾಂಕ್ಲಿನ್

ಮನುಷ್ಯನು ಮನೆ ಕಟ್ಟಿಕೊಂಡುದು ಮುಖ್ಯವಾಗಿ ಋತುಗಳ ಉಪಟಳದಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ. ಆದರೆ ಗೋಡೆ ಛಾವಣಿಗಳು ಎಷ್ಟೇ ಭದ್ರವಾಗಿದ್ದರೂ ಹೊರಗಿನ ಹವೆ ಒಳಗಿನ ಬದುಕನ್ನು ಬಾಧಿಸದೆ ಬಿಡುವುದಿಲ್ಲ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಹೇಗೆ, ಬೇಸಗೆಯಲ್ಲಿ ತಂಪಾಗಿಡುವುದು ಹೇಗೆ ಎಂಬ ಪ್ರಶ್ನೆಗಳು ಮನೆಯಷ್ಟೇ ಹಳೆಯವು. ಈ ಪ್ರಶ್ನೆಗಳನ್ನು ವಿಜ್ಞಾನಿಯ ಕಣ್ಣಿನಿಂದ ನೋಡಿ, ಜೀವಮಾನವಿಡೀ ಅವುಗಳಿಗೆ ಉತ್ತರವನ್ನು ಅರಸಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನು. ಅವನ ಹೆಸರನ್ನು ಕೇಳಿದೊಡನೆ ಗುಡುಗುವ ಮೋಡಗಳ ಕೆಳಗೆ ಹಾರಿದ ಗಾಳಿಪಟವೂ ಕಟ್ಟಡಗಳ ನೆತ್ತಿಯ ಮೇಲಿನ ಮಿಂಚುವಾಹಕವೂ ನಮ್ಮ ನೆನಪಿಗೆ ಬರುತ್ತವೆ. ಅಗ್ಗಿಷ್ಟಿಕೆಯ ಮುಂದೆ ಕುಳಿತು ಹೊಗೆ ಹೋಗುವ ದಾರಿಯನ್ನು ನೋಡುತ್ತಿದ್ದ ಫ್ರಾಂಕ್ಲಿನ್ನನನ್ನು ಬಲ್ಲವರು ಕಡಮೆ.

ಫ್ರಾಂಕ್ಲಿನ್ 1706ರ ಜನವರಿ 17ರಂದು ಉತ್ತರ ಅಮೆರಿಕದ ಬಾಸ್ಟನ್ ನಗರದಲ್ಲಿ ಜನಿಸಿದನು. ಆ ಪ್ರದೇಶವು ಆಗ ಇಂಗ್ಲೆಂಡಿನ ವಸಾಹತಾಗಿತ್ತು. ಅವನ ತಂದೆ ಜೋಸಯ ಫ್ರಾಂಕ್ಲಿನ್ ಮೇಣದಬತ್ತಿಗಳನ್ನೂ ಸಾಬೂನನ್ನೂ ತಯಾರಿಸಿ ಮಾರುತ್ತಿದ್ದನು. ಹದಿನೇಳು ಮಕ್ಕಳ ಆ ದೊಡ್ಡ ಸಂಸಾರದಲ್ಲಿ ಬೆಂಜಮಿನ್ ಹದಿನೈದನೆಯವನು. ಹತ್ತನೆಯ ವಯಸ್ಸಿಗೇ ಅವನ ಶಾಲಾಭ್ಯಾಸ ಮುಗಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ಅಣ್ಣತಮ್ಮಂದಿರಲ್ಲಿ ಹೊಂದಾಣಿಕೆಯಾಗಲಿಲ್ಲ. 1723ರಲ್ಲಿ ಹದಿನೇಳರ ತರುಣನು ಮನೆಯನ್ನು ತೊರೆದು ಫಿಲಡೆಲ್ಫಿಯ ನಗರವನ್ನು ಸೇರಿದನು. ದುಡಿಮೆಯಿಂದಲೂ ಮಿತವ್ಯಯದಿಂದಲೂ ಅಲ್ಲಿ ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಿದನು. ವೃತ್ತಪತ್ರಿಕೆಯೊಂದನ್ನು ನಡೆಸಿದನು. 1732ರಿಂದ ಪ್ರತಿವರ್ಷವೂ ಒಂದು ಪಂಚಾಂಗವನ್ನು ಪ್ರಕಟಿಸತೊಡಗಿದನು. ವರ್ಷದ ಹವೆಯನ್ನು ಮೊದಲೇ ಹೇಳುವುದು ಅಂದಿನ ಪಂಚಾಂಗಗಳ ವಾಡಿಕೆ. ಫ್ರಾಂಕ್ಲಿನ್ನನೂ ಅದನ್ನು ಪಾಲಿಸಿದನಾದರೂ ಆ ಭವಿಷ್ಯವಾಣಿಯನ್ನು ತಾನೇ ಗೇಲಿ ಮಾಡುತ್ತಿದ್ದನು. ಕಣ್ಣಿಗೆ ಕಂಡುದನ್ನು ಅಳೆದು ನೋಡದೆ ನಂಬುವುದು ಅವನ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ.

ಫಿಲಡೆಲ್ಫಿಯದ ಚಳಿಗಾಲ ಬಲು ಕಠಿಣವಾದುದು. ನಗರದ ಪಕ್ಕದಲ್ಲಿ ಹರಿಯುವ ಡೆಲವೇರ್ ನದಿಯೇ ಆ ಕಾಲದಲ್ಲಿ ಹೆಪ್ಪುಗಟ್ಟುವುದುಂಟು. ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗಲವಾದ ಅಗ್ಗಿಷ್ಟಿಕೆಯಲ್ಲಿ ಹಗಲಿರುಳು ಸೌದೆ ಉರಿಯಬೇಕಾಗಿತ್ತು. ಆದರೆ ಉರಿಯ ಶಾಖದ ಬಹುಪಾಲು ಹೊಗೆಯೊಡನೆ ಚಿಮಣಿಯ ಮೂಲಕ ಹೊರಗೆ ಹೋಗುತ್ತಿತ್ತು. ಹೀಗೆ ಹೊರಹೋದ ಗಾಳಿಯ ಸ್ಥಾನವನ್ನು ತುಂಬಲು ಬಾಗಿಲು ಕಿಟಕಿಗಳ ಸಂದುಗಳಿಂದ ಶೀತಲ ಗಾಳಿ ಒಳನುಗ್ಗುತ್ತಿತ್ತು. ಬೆಂಕಿಯ ಮುಂದೆ ಕುಳಿತವನ ಮುಖ ಸುಡುತ್ತಿದ್ದರೆ ಬೆನ್ನು ಮರಗಟ್ಟುತ್ತಿತ್ತು. ಬೆಂಕಿಯನ್ನು ದೊಡ್ಡದು ಮಾಡಿದಷ್ಟೂ ಒಳಗೆ ಬರುವ ಚಳಿಗಾಳಿಯ ರಭಸವೂ ಹೆಚ್ಚುತ್ತಿತ್ತು. ಜೊತೆಗೆ ಸೌದೆಯ ಅಭಾವವೂ ತಲೆದೋರಿತ್ತು. ನೂರು ವರ್ಷಗಳ ಹಿಂದೆ ಮನೆಬಾಗಿಲಿನಲ್ಲಿಯೇ ದೊರೆಯುತ್ತಿದ್ದ ಸೌದೆಯನ್ನು ಈಗ ಕೆಲವು ಪಟ್ಟಣಗಳಿಗೆ ಸುಮಾರು ನೂರು ಮೈಲಿ ದೂರದಿಂದ ತರಬೇಕಾಗಿದೆಯೆಂದು ಫ್ರಾಂಕ್ಲಿನ್ ಬರೆದಿದ್ದಾನೆ. ಬಡವರ ಪಾಲಿಗೆ ಇದು ಬದುಕಿನ ಪ್ರಶ್ನೆಯೇ ಆಗಿತ್ತು.

ಸುಮಾರು 1742ರಲ್ಲಿ ಅವನು ಒಂದು ಹೊಸ ಬಗೆಯ ಒಲೆಯನ್ನು ರೂಪಿಸಿದನು. ಎರಕದ ಕಬ್ಬಿಣದ ಹಲಗೆಗಳನ್ನು ಜೋಡಿಸಿದ ಪೆಟ್ಟಿಗೆಯಂಥ ಒಲೆ ಅದು. ಉರಿಯ ಹಿಂಬದಿಯಲ್ಲಿ ಕಬ್ಬಿಣದ ಒಂದು ಟೊಳ್ಳು ಪೆಟ್ಟಿಗೆಯನ್ನು ಇರಿಸಿದನು. ಹೊಗೆಯು ಈ ಪೆಟ್ಟಿಗೆಯ ಮೇಲಿನಿಂದ ಹಾಯ್ದು, ಹಿಂದೆ ಕೆಳಗಿಳಿದು, ನೆಲದಡಿಯ ದಾರಿಯಿಂದ ಚಿಮಣಿಯನ್ನು ಸೇರಬೇಕಾಗಿತ್ತು. ಹೊರಗಿನ ಶುದ್ಧವಾದ ಗಾಳಿ ಬೇರೊಂದು ದಾರಿಯಿಂದ ಟೊಳ್ಳು ಪೆಟ್ಟಿಗೆಯನ್ನು ಪ್ರವೇಶಿಸಿ, ಹೊಗೆಯ ಸಂಪರ್ಕವಿಲ್ಲದೆಯೇ ಕಾದು, ಕೋಣೆಗೆ ಹರಿಯುತ್ತಿತ್ತು. ಹೀಗೆ ವ್ಯರ್ಥವಾಗುತ್ತಿದ್ದ ಶಾಖ ಮನೆಯೊಳಗೇ ಉಳಿಯಿತು. ತನ್ನ ಕೋಣೆಯು ಹಿಂದಿನ ಕಾಲುಪಾಲು ಸೌದೆಯಿಂದಲೇ ಎರಡರಷ್ಟು ಬೆಚ್ಚಗಾಯಿತೆಂದು ಫ್ರಾಂಕ್ಲಿನ್ ಹೇಳಿಕೊಂಡನು. 1744ರಲ್ಲಿ ಈ ಒಲೆಯ ರಚನೆಯನ್ನೂ ಬಳಕೆಯ ಕ್ರಮವನ್ನೂ ವಿವರಿಸುವ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿ ಹಂಚಿದನು.

ಪೆನ್ಸಿಲ್ವೇನಿಯದ ರಾಜ್ಯಪಾಲನಾಗಿದ್ದ ಥಾಮಸನು ಈ ಒಲೆಯನ್ನು ಮೆಚ್ಚಿ, ಅದನ್ನು ಮಾರುವ ಏಕಸ್ವಾಮ್ಯದ ಹಕ್ಕನ್ನು ಕೆಲವು ವರ್ಷಗಳ ಮಟ್ಟಿಗೆ ಫ್ರಾಂಕ್ಲಿನ್ನನಿಗೇ ನೀಡಲು ಮುಂದೆ ಬಂದನು. ಫ್ರಾಂಕ್ಲಿನ್ ಅದನ್ನು ಒಪ್ಪಲಿಲ್ಲ. ಇತರರು ಕಂಡುಹಿಡಿದ ವಸ್ತುಗಳಿಂದ ನಾವು ಸುಖಪಡುತ್ತಿರುವಾಗ, ನಮ್ಮ ಶೋಧನೆಯಿಂದ ಇತರರಿಗೆ ಉಪಕಾರವಾಗುವುದಾದರೆ ಅದನ್ನು ಸಂತೋಷದಿಂದಲೂ ಉದಾರವಾಗಿಯೂ ನೀಡಬೇಕೆಂಬುದು ಅವನ ನಿಲುವಾಗಿತ್ತು. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬನು ಅದೇ ಒಲೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳನ್ನು ಮಾಡಿ, ತನ್ನ ಹೆಸರಿನಲ್ಲಿ ಹಕ್ಕನ್ನು ಪಡೆದು ಹಣ ಗಳಿಸಿದನು. ಫ್ರಾಂಕ್ಲಿನ್ ಅವನೊಡನೆ ವ್ಯಾಜ್ಯಕ್ಕೆ ಹೋಗಲಿಲ್ಲ.

ಆದರೆ ಆ ಒಲೆ ದೋಷರಹಿತವಾಗಿರಲಿಲ್ಲ. ಬಿಸಿಯಾದ ಹೊಗೆ ಸಹಜವಾಗಿ ಮೇಲೇರುತ್ತದೆ. ಅದನ್ನು ಕೆಳಗಿಳಿಸಿ ಮತ್ತೆ ಮೇಲಕ್ಕೆ ಕಳುಹಿಸಬೇಕಾದರೆ ಚಿಮಣಿಯು ಮೊದಲೇ ಚೆನ್ನಾಗಿ ಕಾದಿರಬೇಕು. ಒಲೆ ಆರಿ ಚಿಮಣಿ ತಣ್ಣಗಾಗಿದ್ದಾಗ ಹೊಗೆ ದಾರಿ ಕಾಣದೆ ಕೋಣೆಗೇ ಮರಳುತ್ತಿತ್ತು. ಹೀಗಾಗಿ ಅದರ ಮಾರಾಟವೂ ನಿರೀಕ್ಷಿಸಿದಷ್ಟು ಆಗಲಿಲ್ಲ. ಮುಂದೆ ಡೇವಿಡ್ ರಿಟನ್‌ಹೌಸ್ ಮೊದಲಾದವರು ಹೊಗೆಯ ದಾರಿಯನ್ನು ಸರಳಗೊಳಿಸಿದರು. ಫ್ರಾಂಕ್ಲಿನ್ ಒಲೆಯೆಂದು ಅನಂತರ ಪ್ರಸಿದ್ಧವಾದುದು ಇಂಥ ತಿದ್ದಿದ ರೂಪವೇ. ಬಾಗಿಲುಗಳನ್ನು ತೆರೆದಿಟ್ಟ ಪದ್ಧತಿಯ ಹಿರಿಮೆ ಇಲ್ಲಿ ವ್ಯಕ್ತವಾಗುತ್ತದೆ. ಯಾರೊಬ್ಬರ ಹಕ್ಕಿನಲ್ಲಿಯೂ ಇಲ್ಲದ ಒಲೆಯನ್ನು ಬಲ್ಲವರೆಲ್ಲರೂ ತಿದ್ದಬಹುದಾಗಿತ್ತು.

ಒಲೆಯಿಂದ ಕಲಿತ ಪಾಠ ಫ್ರಾಂಕ್ಲಿನ್ನನನ್ನು ಮನೆಯಿಂದ ಆಕಾಶದವರೆಗೆ ಕೊಂಡೊಯ್ದಿತು. 1743ರ ಅಕ್ಟೋಬರ್ 21ರ ರಾತ್ರಿ ಅವನು ಚಂದ್ರಗ್ರಹಣವನ್ನು ನೋಡಲು ಕಾದಿದ್ದನು. ಅಷ್ಟರಲ್ಲಿ ಈಶಾನ್ಯದಿಂದ ಬಿರುಗಾಳಿ ಬೀಸಿ ಆಕಾಶವನ್ನು ಮುಚ್ಚಿಬಿಟ್ಟಿತು. ಫಿಲಡೆಲ್ಫಿಯದ ಈಶಾನ್ಯಕ್ಕೆ ಸುಮಾರು 400 ಕಿಲೋಮೀಟರು ದೂರದಲ್ಲಿರುವ ಬಾಸ್ಟನ್ನಿನಲ್ಲಿ ಬಿರುಗಾಳಿ ಇನ್ನೂ ಮೊದಲೇ ಬಂದಿರಬೇಕೆಂದು ಅವನು ಭಾವಿಸಿದನು. ಆದರೆ ಅಲ್ಲಿ ಜನರು ಗ್ರಹಣವನ್ನು ಸ್ಪಷ್ಟವಾಗಿ ಕಂಡಿದ್ದರು. ಬಿರುಗಾಳಿ ಬಂದುದು ಆಮೇಲೆ. ಈಶಾನ್ಯದಿಂದ ಬೀಸುವ ಬಿರುಗಾಳಿ ನೈಋತ್ಯದಿಂದ ಮುನ್ನಡೆದು ಬರುವುದು ಹೇಗೆ? ಈ ಒಗಟನ್ನು ಅವನು ಅಗ್ಗಿಷ್ಟಿಕೆಯ ಹೋಲಿಕೆಯಿಂದಲೇ ಬಿಡಿಸಿದನು. ಬೆಂಕಿ ಹೊತ್ತಿದಾಗ ಮೊದಲು ಚಿಮಣಿಯ ಬಳಿಯ ಗಾಳಿ ಚಲಿಸುತ್ತದೆ. ಅನಂತರ ಅದರ ಹಿಂದಿನದು, ಕೊನೆಗೆ ಬಾಗಿಲ ಬಳಿಯದು. ಹಾಗೆಯೇ ದಕ್ಷಿಣದ ಮೆಕ್ಸಿಕೊ ಕೊಲ್ಲಿಯ ಕಡೆ ಕಾದ ಗಾಳಿ ಮೇಲೇರಿದಾಗ ಉತ್ತರದ ಗಾಳಿ ಒಂದರ ಹಿಂದೊಂದರಂತೆ ಅತ್ತ ಧಾವಿಸುತ್ತದೆಯೆಂದು ಅವನು ತರ್ಕಿಸಿದನು. ಬಿರುಗಾಳಿಯ ವ್ಯೂಹವೂ ಅದರಲ್ಲಿ ಬೀಸುವ ಗಾಳಿಯೂ ಬೇರೆ ಬೇರೆ ದಿಕ್ಕುಗಳಲ್ಲಿ ಚಲಿಸಬಹುದೆಂಬ ತಿಳಿವಳಿಕೆ ಹವಾಶಾಸ್ತ್ರಕ್ಕೆ ಅವನು ನೀಡಿದ ಕಾಣಿಕೆ.

ಚಳಿಯಂತೆ ಬಿಸಿಲೂ ಅವನಿಗೆ ಗುರುವಾಯಿತು. 1750ರ ಜೂನ್ ತಿಂಗಳ ಒಂದು ಭಾನುವಾರ ಫಿಲಡೆಲ್ಫಿಯದಲ್ಲಿ ನೆರಳಿನಲ್ಲಿಯೇ ಉಷ್ಣಮಾಪಕವು 100 ಡಿಗ್ರಿ ಫ್ಯಾರನ್‌ಹೀಟನ್ನು, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸನ್ನು ತೋರಿಸುತ್ತಿತ್ತು. ಕಿಟಕಿಗಳನ್ನೆಲ್ಲ ತೆರೆದು, ಬೆವರಿನಿಂದ ತೊಯ್ದ ಅಂಗಿಯಲ್ಲಿ ಓದುತ್ತ ಬರೆಯುತ್ತ ಕುಳಿತಿದ್ದ ಅವನ ದೇಹ ಸುತ್ತಲಿನ ಗಾಳಿಯಷ್ಟು ಬಿಸಿಯೇರಲಿಲ್ಲ. ಬೆವರು ಆರುವಾಗ ದೇಹದ ಶಾಖವನ್ನು ಹೀರಿಕೊಂಡು ಹೋಗುತ್ತದೆಯೆಂದು ಅವನು ಆಮೇಲೆ ನಿರ್ಧರಿಸಿದನು. ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣದಿಂದ. 1758ರಲ್ಲಿ ಇಂಗ್ಲೆಂಡಿನ ಕೇಂಬ್ರಿಜಿನಲ್ಲಿ ಜಾನ್ ಹ್ಯಾಡ್ಲಿ ಎಂಬ ವಿದ್ವಾಂಸನೊಡನೆ ಈ ತತ್ತ್ವವನ್ನು ಪರೀಕ್ಷಿಸಿದನು. ಉಷ್ಣಮಾಪಕದ ಬುರುಡೆಯನ್ನು ಬೇಗ ಆವಿಯಾಗುವ ಈಥರಿನಿಂದ ಮತ್ತೆ ಮತ್ತೆ ಒದ್ದೆಮಾಡಿ, ತಿದಿಯಿಂದ ಗಾಳಿ ಊದಿದರು. ಪಾದರಸವು 65 ಡಿಗ್ರಿ ಫ್ಯಾರನ್‌ಹೀಟಿನಿಂದ 7 ಡಿಗ್ರಿಗೆ ಇಳಿಯಿತು. ಬುರುಡೆಯ ಸುತ್ತಲೂ ಕಾಲಂಗುಲ ದಪ್ಪದ ಮಂಜುಗಡ್ಡೆ ಕಟ್ಟಿತು. ದ್ರವವು ಆವಿಯಾಗುವಾಗ ಶಾಖವನ್ನು ಹೀರುತ್ತದೆಯೆಂಬ ಈ ತತ್ತ್ವವನ್ನೇ ಇಂದಿನ ಶೀತಕಯಂತ್ರಗಳೂ ಹವಾನಿಯಂತ್ರಕಗಳೂ ಆಶ್ರಯಿಸಿವೆ.

ಅದೇ ವರ್ಷ ಲಂಡನ್ನಿನಲ್ಲಿದ್ದಾಗ ಚಿಮಣಿಯ ಇನ್ನೊಂದು ಗುಟ್ಟನ್ನು ಅವನು ಮಿತ್ರನೊಬ್ಬನಿಗೆ ಬರೆದು ತಿಳಿಸಿದನು. ಬೇಸಗೆಯಲ್ಲಿ ಒಲೆ ಉರಿಯದಿದ್ದರೂ ಚಿಮಣಿಯೊಳಗೆ ಗಾಳಿ ಸುಮ್ಮನಿರುವುದಿಲ್ಲ. ಸಂಜೆ ಐದಾರು ಗಂಟೆಯಿಂದ ಮರುದಿನ ಬೆಳಿಗ್ಗೆ ಎಂಟೊಂಬತ್ತು ಗಂಟೆಯವರೆಗೆ ಅದು ಮೇಲಕ್ಕೆ ಹರಿಯುತ್ತದೆ. ಹಗಲಿನಲ್ಲಿ ಕೆಳಕ್ಕೆ ಇಳಿಯುತ್ತದೆ. ಹಗಲು ಹೊರಗಿನ ಹವೆ ಬೇಗ ಕಾಯುತ್ತದೆ, ಚಿಮಣಿಯ ಗೋಡೆ ತಣ್ಣಗಿರುತ್ತದೆ. ಅದನ್ನು ಸೋಕಿದ ಗಾಳಿ ತಂಪಾಗಿ, ಭಾರವಾಗಿ ಇಳಿಯುತ್ತದೆ. ರಾತ್ರಿ ಹೊರಗಿನ ಹವೆ ತಣಿದಾಗ ಗೋಡೆಯಲ್ಲಿ ಉಳಿದಿರುವ ಶಾಖವು ಗಾಳಿಯನ್ನು ಮೇಲೇರಿಸುತ್ತದೆ. ಚಳಿಗಾಲದಲ್ಲಿ ಹೊಗೆಯ ದಾರಿಯಾಗಿದ್ದ ಚಿಮಣಿಯನ್ನು ಬೇಸಗೆಯಲ್ಲಿ ಆಹಾರವನ್ನು ತಂಪಾಗಿಡುವ ಸ್ಥಳವಾಗಿ ಬಳಸಬಹುದೆಂದೂ ಅವನು ಸೂಚಿಸಿದನು. ಅಲ್ಲದೆ ಚಿಮಣಿಯ ಕೊರಳಿಗೆ ಜಾರುವ ಕಬ್ಬಿಣದ ತಗಡೊಂದನ್ನು ಅಳವಡಿಸಿ, ಅಗತ್ಯಕ್ಕೆ ತಕ್ಕಂತೆ ಗಾಳಿಯ ಹರಿವನ್ನು ಹೆಚ್ಚು ಕಡಮೆ ಮಾಡುವ ಉಪಾಯವನ್ನೂ ಕಂಡುಕೊಂಡನು.

ಈ ಮಧ್ಯೆ ವಸಾಹತುಗಳಿಗೂ ಇಂಗ್ಲೆಂಡಿಗೂ ವಿರಸ ಬೆಳೆದು ಯುದ್ಧವೇ ನಡೆಯಿತು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಸಿದ್ಧಪಡಿಸಿದ ಸಮಿತಿಯಲ್ಲಿ ಫ್ರಾಂಕ್ಲಿನ್ ಇದ್ದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಾನ್ ಆಡಮ್ಸನೊಡನೆ ಸಂಧಾನಕ್ಕೆಂದು ಹೊರಟಾಗ ಒಂದು ರಾತ್ರಿ ಇಬ್ಬರೂ ಛತ್ರವೊಂದರ ಕಿರುಕೋಣೆಯಲ್ಲಿ ತಂಗಬೇಕಾಯಿತು. ರಾತ್ರಿಯ ಗಾಳಿಗೆ ಅಂಜಿದ ಆಡಮ್ಸನು ಕಿಟಕಿಯನ್ನು ಮುಚ್ಚಿದನು. ಫ್ರಾಂಕ್ಲಿನ್ ಅದನ್ನು ತೆರೆಯಿಸಿ, ನೆಗಡಿ ಬರುವುದು ತಣ್ಣನೆಯ ಗಾಳಿಯಿಂದಲ್ಲ, ಮುಚ್ಚಿದ ಕೋಣೆಗಳಲ್ಲಿ ಜನರು ಬಿಟ್ಟ ಉಸಿರನ್ನೇ ಮತ್ತೆ ಸೇವಿಸುವುದರಿಂದ ಎಂದು ವಿವರಿಸತೊಡಗಿದನು. ಆ ವ್ಯಾಖ್ಯಾನವನ್ನು ಕೇಳುತ್ತ ಕೇಳುತ್ತ ಆಡಮ್ಸನು ನಿದ್ರೆಹೋದನು. ಅಂದಿಗೆ ವಿಚಿತ್ರವಾಗಿ ತೋರಿದ ಈ ಮಾತಿನಲ್ಲಿ ಬಹಳ ತಥ್ಯವಿದೆ. ನೆಗಡಿಯು ವೈರಾಣುಗಳಿಂದ ಬರುತ್ತದೆಯೆಂದೂ ಗಾಳಿಯಾಡದ ಕೋಣೆಗಳಲ್ಲಿ ಸುಲಭವಾಗಿ ಹರಡುತ್ತದೆಯೆಂದೂ ಇಂದು ನಮಗೆ ತಿಳಿದಿದೆ.

ಹೊಸ ರಾಷ್ಟ್ರದ ಪ್ರತಿನಿಧಿಯಾಗಿ ಅವನು ಫ್ರಾನ್ಸಿನಲ್ಲಿದ್ದಾಗ, 1783ರ ಬೇಸಗೆಯಲ್ಲಿ ಯೂರೋಪಿನ ಮೇಲೆ ಒಣ ಮಂಜೊಂದು ಕವಿಯಿತು. ಮಸೂರದಿಂದ ಒಟ್ಟುಗೂಡಿಸಿದ ಸೂರ್ಯಕಿರಣಗಳೂ ಕಾಗದವನ್ನು ಹೊತ್ತಿಸಲಾರದಷ್ಟು ಕ್ಷೀಣವಾದವು. ಅದರ ಬೆನ್ನಲ್ಲೇ ಅತ್ಯಂತ ಕಠೋರವಾದ ಚಳಿಗಾಲ ಬಂದಿತು. ಐಸ್‌ಲೆಂಡಿನ ಜ್ವಾಲಾಮುಖಿಯ ಹೊಗೆ ಸೂರ್ಯನ ಶಾಖವನ್ನು ತಡೆದುದರಿಂದ ಹೀಗಾಗಿರಬಹುದೆಂದು ಫ್ರಾಂಕ್ಲಿನ್ 1784ರಲ್ಲಿ ಊಹಿಸಿದನು. ಆ ಮಂಜಿಗೆ ಐಸ್‌ಲೆಂಡಿನ ಲಾಕಿ ಜ್ವಾಲಾಮುಖಿಯೇ ಕಾರಣವೆಂಬುದು ಮುಂದೆ ದೃಢಪಟ್ಟಿತು.

1785ರಲ್ಲಿ ಎಪ್ಪತ್ತೊಂಬತ್ತರ ವೃದ್ಧನಾಗಿ, ರೋಗಪೀಡಿತನಾಗಿ ಅವನು ಸ್ವದೇಶಕ್ಕೆ ಹಡಗನ್ನೇರಿದನು. ಆ ಪಯಣದಲ್ಲಿ ವಿಶ್ರಮಿಸಿಕೊಳ್ಳಬಹುದಾಗಿತ್ತು. ಆದರೆ ಅವನು ಇಂಗನ್‌ಹೌಸ್ ಎಂಬ ವೈದ್ಯಮಿತ್ರನಿಗೆ ಹೊಗೆಯಾಡುವ ಚಿಮಣಿಗಳನ್ನು ಕುರಿತು ದೀರ್ಘವಾದ ಪತ್ರವನ್ನು ಬರೆದನು. ಕೋಣೆಯೊಳಗೆ ಹೊಗೆ ತುಂಬುವುದಕ್ಕೆ ಒಂಬತ್ತು ಕಾರಣಗಳನ್ನು ವಿಂಗಡಿಸಿ, ಒಂದೊಂದಕ್ಕೂ ಪರಿಹಾರವನ್ನು ತಿಳಿಸಿದನು. ಒಂದು ಮನೆಯಲ್ಲಿ ಗಾಳಿ ಬರಲು ಸಂದೇ ಇಲ್ಲದಿರುವುದು ಕಾರಣವಾದರೆ, ಮತ್ತೊಂದರಲ್ಲಿ ಚಿಮಣಿಯ ಬಾಯಿ ಅತಿಯಾಗಿ ಅಗಲವಾಗಿರುವುದು ಕಾರಣ. ಇನ್ನೊಂದರಲ್ಲಿ ಪಕ್ಕದ ಎತ್ತರದ ಕಟ್ಟಡವೋ ಬಿರುಗಾಳಿಯೋ ಕಾರಣ. ರೋಗವನ್ನರಿಯದೆ ಎಲ್ಲಕ್ಕೂ ಒಂದೇ ಔಷಧವನ್ನು ಕೊಡಬಾರದೆಂಬುದು ಅದರ ಸಾರ. ನಲವತ್ತು ವರ್ಷಗಳ ಹಿಂದೆ ತನ್ನ ಮೊದಲ ಒಲೆ ಕಲಿಸಿದ ಪಾಠವನ್ನು ಅವನು ಮರೆತಿರಲಿಲ್ಲ.

ತನ್ನನ್ನು ತಾನು ತಿದ್ದಿಕೊಳ್ಳುವ ಈ ಗುಣ ವಿಜ್ಞಾನದ ಕ್ಷೇತ್ರಕ್ಕಷ್ಟೇ ಸೀಮಿತವಾಗಿರಲಿಲ್ಲ. ಹಿಂದೆ ತನ್ನ ಮನೆಯಲ್ಲಿಯೇ ಗುಲಾಮರನ್ನು ಇರಿಸಿಕೊಂಡಿದ್ದವನು ಕೊನೆಗಾಲದಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ದುಡಿಯುವ ಸಂಘದ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಆ ಸಂಘದ ಬೇಡಿಕೆಗೆ ಸಹಿ ಹಾಕಿ ಕಾಂಗ್ರೆಸ್ಸಿಗೆ ಸಲ್ಲಿಸಿದನು. ಅದೇ ವರ್ಷ ಏಪ್ರಿಲ್ 17ರಂದು ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯದಲ್ಲಿ ಕಣ್ಮುಚ್ಚಿದನು.

ಇಂದು ಗುಂಡಿಯೊಂದನ್ನು ಒತ್ತಿದರೆ ಕೋಣೆ ಬೆಚ್ಚಗಾಗುತ್ತದೆ, ಇಲ್ಲವೆ ತಂಪಾಗುತ್ತದೆ. ಆದರೂ ಹೊರಗಿನ ಋತುವಿನೊಡನೆ ಒಳಗಿನ ಯಂತ್ರ ಸೆಣಸುವುದು ತಪ್ಪಿಲ್ಲ. ಅದಕ್ಕಾಗಿ ಇಂಧನವನ್ನು ವ್ಯಯಿಸುವುದೂ ತಪ್ಪಿಲ್ಲ. ಬಿಸಿಗಾಳಿ ಏರುತ್ತದೆ, ತಣ್ಣನೆಯದು ಇಳಿಯುತ್ತದೆ, ಹೊರಹೋದುದರ ಸ್ಥಾನವನ್ನು ಮತ್ತೊಂದು ತುಂಬುತ್ತದೆ ಎಂಬ ನಿಯಮಗಳು ಅಂದಿನಂತೆ ಇಂದೂ ಮನೆಮನೆಯಲ್ಲಿ ಕೆಲಸ ಮಾಡುತ್ತಿವೆ. ಅವುಗಳನ್ನರಿತು ನಡೆದರೆ ಅಲ್ಪ ಇಂಧನದಿಂದ ಅಧಿಕ ಸುಖವನ್ನು ಪಡೆಯಬಹುದೆಂದು ತೋರಿಸಿಕೊಟ್ಟು, ಆ ತಿಳಿವಳಿಕೆಯನ್ನು ಬೆಲೆಯಿಲ್ಲದೆ ಲೋಕಕ್ಕೆ ಒಪ್ಪಿಸಿದವನು ಬೆಂಜಮಿನ್ ಫ್ರಾಂಕ್ಲಿನ್.