ಸಂಚಿಯ ಹೊನ್ನಮ್ಮ

ಕನ್ನಡದಲ್ಲಿ ಕಾವ್ಯರಚನೆ ಮಾಡಿದ ಸ್ತ್ರೀಯರಲ್ಲಿ ಸಂಚಿಯ ಹೊನ್ನಮ್ಮನು ಅಗ್ರಗಣ್ಯಳು. ಮೈಸೂರಿನ ಅರಸರಾದ ಚಿಕ್ಕದೇವರಾಜ ಒಡೆಯರು 1673ರಿಂದ 1704ರ ವರೆಗೆ ಶ್ರೀರಂಗಪಟ್ಟಣದಲ್ಲಿ ರಾಜ್ಯವಾಳುತ್ತಿದ್ದ ಕಾಲದಲ್ಲಿ ಈಕೆಯು ಜೀವಿಸಿದ್ದಳು. ಎಳಂದೂರು ಈಕೆಯ ಊರು. ಅರಮನೆಯಲ್ಲಿ ಈಕೆಗಿದ್ದ ಉದ್ಯೋಗವಾದರೋ ಎಲೆಯಡಕೆಯ ಸಂಚಿಯನ್ನು ಹಿಡಿದು ವೇಳೆಗೆ ಸರಿಯಾಗಿ ತಾಂಬೂಲವನ್ನು ಒದಗಿಸುವುದು. ಕೊಪ್ಪ, ಶೃಂಗೇರಿಗಳ ಅಡಕೆಯ ಸೀಮೆಯವರಾದ ನಮಗೆ ಸಂಚಿಯೆಂಬುದನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಆ ಸಣ್ಣ ಚೀಲದ ಹೆಸರೇ ಕವಿಯ ಹೆಸರಿನೊಡನೆ ಸೇರಿ ಇಂದಿನ ವರೆಗೂ ಉಳಿದುಬಂದಿದೆ.

ಚಿಕ್ಕದೇವರಾಜರ ಆಸ್ಥಾನವು ವಿದ್ವಾಂಸರಿಗೆ ತವರಾಗಿದ್ದಿತು. ಮಂತ್ರಿಗಳಾದ ತಿರುಮಲಾರ್ಯನೂ ಚಿಕುಪಾಧ್ಯಾಯನೂ ಸ್ವತಃ ಗ್ರಂಥಕರ್ತರು. ತಿರುಮಲಾರ್ಯನ ತಮ್ಮನಾದ ಸಿಂಗರಾರ್ಯನು ಬರೆದ ಮಿತ್ರವಿಂದಾಗೋವಿಂದವು ನಮಗೆ ದೊರೆತಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದು. ಇಂತಹವರ ಸಮೀಪದಲ್ಲಿ ಊಳಿಗ ಮಾಡುತ್ತಿದ್ದ ಹೊನ್ನಮ್ಮನಿಗೆ ವಿದ್ಯೆಯಲ್ಲಿ ಆಸೆ ಹುಟ್ಟಿತು. ಸಿಂಗರಾರ್ಯನು ಆಕೆಗೆ ಗುರುವಾದನು. ರಾಣಿಯಾದ ದೇವಾಜಮ್ಮಣ್ಣಿಯವರು ಆಶ್ರಯವಿತ್ತು ಪ್ರೋತ್ಸಾಹಿಸಿದರು.

ಮುಂದಿನ ಶತಮಾನದಲ್ಲಿ ಪ್ಯಾರಿಸ್ ನಗರದಲ್ಲಿ ಸುಸಾನ್ ನೆಕೇರ್ ಎಂಬ ಮಹಿಳೆಯು ಶುಕ್ರವಾರಗಳಲ್ಲಿ ಪಂಡಿತರನ್ನು ತನ್ನ ಮನೆಗೆ ಕರೆದು ಗೋಷ್ಠಿ ನಡೆಯಿಸುತ್ತಿದ್ದಳು. ಅವಳು ಸ್ವಿಟ್ಜರ್ಲೆಂಡಿನ ಒಬ್ಬ ಪಾದ್ರಿಯ ಮಗಳು. ತಂದೆಯಿಂದಲೇ ಲ್ಯಾಟಿನ್ ಕಲಿತವಳು. ಪತಿಯು ಫ್ರಾನ್ಸಿನ ಹಣಕಾಸಿನ ಸಚಿವನಾದನು. ಆಕೆಯು ಗೋಷ್ಠಿಯ ಒಡತಿ. ನಮ್ಮ ಹೊನ್ನಮ್ಮನು ಗೋಷ್ಠಿಯ ಅಂಚಿನಲ್ಲಿದ್ದ ಸೇವಕಿ. ಆದರೂ ಇಬ್ಬರ ಏಳಿಗೆಗೂ ಕಾರಣವೊಂದೇ: ಹೆಣ್ಣೆಂದು ಹಿಂಜರಿಯದೆ ಪಾಠ ಹೇಳಿದ ಹಿರಿಯರೊಬ್ಬರು ಅವರಿಗೆ ದೊರೆತರು.

ಹೊನ್ನಮ್ಮನ ಕೃತಿಯು ಹದಿಬದೆಯ ಧರ್ಮ. ಹದಿಬದೆಯೆಂದರೆ ಪತಿವ್ರತೆ. ಒಂಬತ್ತು ಸಂಧಿಗಳುಳ್ಳ ಈ ಕಾವ್ಯವು ಸಾಂಗತ್ಯದಲ್ಲಿದೆ. ಸಾಂಗತ್ಯವು ಹಾಡಲು ಅನುಕೂಲವಾದ ದೇಶೀ ಛಂದಸ್ಸು. ಓದುಬಾರದ ಹೆಂಗಸರೂ ಕಿವಿಯಿಂದ ಕೇಳಿ ಬಾಯಿಗೆ ತಂದುಕೊಳ್ಳಬಹುದು. ಧರ್ಮಶಾಸ್ತ್ರ ಪುರಾಣಗಳ ಸಾರವನ್ನು ಆಕೆಯು ತಿಳಿಗನ್ನಡದಲ್ಲಿ ಇಳಿಸಿದ್ದಾಳೆ.

ಗ್ರಂಥದಲ್ಲಿ ಪತಿಸೇವೆಯ ಉಪದೇಶವೇ ಹೆಚ್ಚೆಂಬುದನ್ನು ನಾವು ಮರೆಮಾಚುವುದಿಲ್ಲ. ಅದರಲ್ಲಿನ ಎಷ್ಟೋ ವಿಧಿಗಳನ್ನು ಇಂದಿನ ಕನ್ಯೆಯರು ಒಪ್ಪಲಾರರು. ನಾವೂ ಒಪ್ಪಿಸಲು ಯತ್ನಿಸುವುದಿಲ್ಲ. ಆದರೆ ಅದೇ ಗ್ರಂಥದ ನಡುವೆ ಆಕೆಯು ಹೆಣ್ಣನ್ನು ಹಳಿಯುವವರಿಗೆ ಅವರ ತಾಯಿಯನ್ನು ನೆನಪಿಗೆ ತಂದು, ಅಂತಹವರನ್ನು ವಿವೇಕಶೂನ್ಯರೆಂದು ಜರೆಯುತ್ತಾಳೆ. ಮಗನೆಂದು ಹಿಗ್ಗುವುದೂ ಮಗಳೆಂದು ಕುಗ್ಗುವುದೂ ತರವಲ್ಲವೆಂದು ವಾದಿಸುತ್ತಾಳೆ. ಅರಸರ ಅನ್ನವನ್ನುಂಡು, ಅರಮನೆಯು ಮೆಚ್ಚಬೇಕಾದ ಗ್ರಂಥದಲ್ಲಿಯೇ ಒಬ್ಬ ಊಳಿಗದವಳು ಈ ಮಾತನ್ನಾಡಿದುದು ಸಾಮಾನ್ಯ ಧೈರ್ಯವಲ್ಲ. ಆ ಧೈರ್ಯವನ್ನು ಆಕೆಗೆ ಕೊಟ್ಟುದು ವಿದ್ಯೆ.

ಅದೇ ಕಾಲದಲ್ಲಿ ಶೃಂಗಾರಮ್ಮನೆಂಬವಳು ಪದ್ಮಿನೀ ಕಲ್ಯಾಣವನ್ನು ರಚಿಸಿದಳು. ಒಂದೇ ಆಸ್ಥಾನದ ಆಶ್ರಯದಲ್ಲಿ ಇಬ್ಬರು ಕವಯಿತ್ರಿಯರು ಬೆಳಗಿದರು. ಹೆಣ್ಣುಮಕ್ಕಳಲ್ಲಿ ಬುದ್ಧಿಯ ಕೊರತೆ ಎಂದೂ ಇರಲಿಲ್ಲ; ಕಲಿಸುವವರ ಕೊರತೆಯು ಮಾತ್ರ ಇದ್ದಿತು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮದುವೆಯ ಮಾತು ಬಂದೊಡನೆ ಮಗಳ ಪುಸ್ತಕವನ್ನು ಮುಚ್ಚಿಸುವ ಮನೆಗಳು ಇಂದಿಗೂ ಇಲ್ಲದಿಲ್ಲ. ಅಂತಹ ಸಮಯದಲ್ಲಿ ಸಿಂಗರಾರ್ಯನನ್ನು ಸ್ಮರಿಸಿರಿ. ವಿದ್ಯಾರ್ಥಿನಿಯರೇ, ನೀವು ಹೊನ್ನಮ್ಮನನ್ನು ಸ್ಮರಿಸಿರಿ. ನಿಮ್ಮ ಕೈಯಲ್ಲಿ ಯಾವ ಕೆಲಸವೇ ಇರಲಿ, ಕಿವಿಯು ಒಳ್ಳೆಯ ಮಾತಿನ ಕಡೆಗಿರಲಿ.