ರುಡಾಲ್ಫ್ ಡೀಸೆಲ್ ಮತ್ತು ಆತನ ಹೊಗೆ

ಊರಿನ ಕೆಂಪು ಬಸ್ಸು ಹೊರಟಾಗ ಹಿಂದೆ ಏಳುತ್ತಿದ್ದ ಕಪ್ಪು ಹೊಗೆಗೆ ಮೂಗು ಮುಚ್ಚಿಕೊಂಡು ಬೆಳೆದವರು ನಾವು. ಡೀಸೆಲ್ ಎಂಬುದು ಮನುಷ್ಯನೊಬ್ಬನ ಹೆಸರೆಂದು ತಿಳಿದದ್ದು ಬಹಳ ತಡವಾಗಿ. ವೈದ್ಯರಾದ ನಮಗೆ ಎಂಜಿನ್ನಿನ ವಿಷಯ ಪಕ್ಕದ ಮನೆಯ ಮಾತು. ಆದರೆ ಅದರ ಹೊಗೆ ಹೋಗಿ ಕೂರುವ ಶ್ವಾಸಕೋಶ ಮಾತ್ರ ನಮ್ಮ ಮನೆಯೇ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ಸಿನಲ್ಲಿ, ಜರ್ಮನ್ ದಂಪತಿಗಳಿಗೆ. ತಂದೆಯದು ಚರ್ಮದ ಸಾಮಾನು ತಯಾರಿಸುವ ಕಸುಬು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ಸಂಸಾರ ಲಂಡನ್ನಿಗೆ ಹೊರಟಿತು. ಹನ್ನೆರಡರ ಹುಡುಗ ಅಲ್ಲಿಂದ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಓದಲು ಹೋದ. ಪರದೇಶದಲ್ಲಿ ಹುಟ್ಟಿ ಹೆತ್ತವರ ನಾಡಿಗೆ ಹೊಸಬನಾಗಿ ಬಂದವನ ಪಾಡನ್ನು ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮ್ಯೂನಿಕ್ಕಿನಲ್ಲಿ ಕಾರ್ಲ್ ಫಾನ್ ಲಿಂಡೆ ಆತನ ಗುರು. ವಿಷಮಶೀತಜ್ವರದಿಂದ ತಪ್ಪಿದ ಪರೀಕ್ಷೆಯನ್ನು 1880ರಲ್ಲಿ ಉತ್ತಮವಾಗಿ ಮುಗಿಸಿದ. ಉಗಿಯಂತ್ರ ತನಗೆ ಕೊಟ್ಟ ಶಾಖದಲ್ಲಿ ಹತ್ತನೆಯ ಒಂದು ಪಾಲನ್ನೂ ಸರಿಯಾಗಿ ಕೆಲಸಕ್ಕೆ ಹಚ್ಚದು ಎಂಬ ಪಾಠ ಆತನ ತಲೆಯಲ್ಲಿ ಉಳಿಯಿತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿಗೆ ಎಣ್ಣೆ ಸಿಂಪಡಿಸಿದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. 1893ರ ಮೊದಲ ಪ್ರಯೋಗದಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. 1897ರಲ್ಲಿ ಎಂಜಿನ್ನು ಶಾಖದ ನೂರಕ್ಕೆ 26 ಪಾಲನ್ನು ಕೆಲಸವಾಗಿಸಿ ತೋರಿಸಿತು. ಕೀರ್ತಿ ಬಂತು, ಹಣ ಬಂತು. ಮರುವರ್ಷವೇ ನರಗಳ ಬಳಲಿಕೆಯಿಂದ ಆತ ಶುಶ್ರೂಷಾಲಯ ಸೇರಿದ್ದ.

ಆ ಒತ್ತಡ ಮತ್ತು ಕಾವು ಎಂಜಿನ್ನಿನ ಗುಣವೂ ಹೌದು, ದೋಷವೂ ಹೌದು. ಎಣ್ಣೆ ದಟ್ಟವಾಗಿ ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತದೆ. ಕಾವು ವಿಪರೀತವಾದ ಕಡೆ ಗಾಳಿಯ ಸಾರಜನಕವೇ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಒಂದನ್ನು ಅದುಮಿದರೆ ಇನ್ನೊಂದು ತಲೆಯೆತ್ತುತ್ತದೆ. ರಕ್ತ ತೆಳುವಾಗಲು ಮದ್ದು ಕೊಟ್ಟು ರಕ್ತಸ್ರಾವಕ್ಕೆ ಅಂಜುವ ನಮಗೆ ಈ ಸಂಕಟ ಚಿರಪರಿಚಿತ.

ಡೀಸೆಲ್ ಬದುಕಿದ್ದಾಗಲೇ, 1905ರಲ್ಲಿ, ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಒಳಕ್ಕೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಪೇಟೆಂಟು ಪಡೆದ. ಅದೇ ಟರ್ಬೋಚಾರ್ಜರ್. ಅದು ಬಳಕೆಗೆ ಬಂದದ್ದನ್ನು ಕಾಣಲು ಡೀಸೆಲ್ ಉಳಿಯಲಿಲ್ಲ. ವ್ಯಾಜ್ಯಗಳೂ ಕೈಕೊಟ್ಟ ಹೂಡಿಕೆಗಳೂ ಗಳಿಸಿದ್ದನ್ನೆಲ್ಲ ನುಂಗಿದ್ದವು. 1913ರ ಸೆಪ್ಟೆಂಬರ್ 29ರ ರಾತ್ರಿ ಆಂಟ್‌ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಹಡಗಿನಿಂದ ಆತ ಕಾಣೆಯಾದ. ಹತ್ತು ದಿನ ಕಳೆದ ಮೇಲೆ ಡಚ್ ದೋಣಿಯೊಂದಕ್ಕೆ ಶವ ಸಿಕ್ಕಿತು. ಜೇಬಿನಲ್ಲಿದ್ದ ಮಾತ್ರೆಯ ಡಬ್ಬಿ, ಕನ್ನಡಕದ ಪೆಟ್ಟಿಗೆಗಳನ್ನು ತೆಗೆದುಕೊಂಡು ನಾವಿಕರು ದೇಹವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳನ್ನು ಗುರುತಿಸಿದವನು ಮಗ. ಸಾವಿನ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಎಂಜಿನ್ನು ಮಾತ್ರ ಲೋಕವನ್ನೇ ತುಂಬಿತು, ಹೊಗೆಯೂ ಜೊತೆಗೆ ಹೋಯಿತು. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2012ರಲ್ಲಿ ನಿರ್ಣಯಿಸಿದರು. ಟರ್ಬೋ ತುಂಬಿದ ಗಾಳಿ ಮಸಿಯನ್ನು ತಗ್ಗಿಸಿದರೂ ತಾನೇ ಬಿಸಿಯಾಗಿರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಬಂತು. ಹೊಗೆಯ ಒಂದಂಶವನ್ನು ಮರಳಿ ಒಳಗೆ ಬಿಟ್ಟು ಉರಿಯ ಕಾವು ಇಳಿಸಿದರು. ಉಳಿದ ಮಸಿಯನ್ನು ಶೋಧಕದಲ್ಲಿ ಹಿಡಿದು ಅಲ್ಲಿಯೇ ಸುಡುತ್ತಾರೆ. ಇಷ್ಟೆಲ್ಲ ಇದ್ದೂ, ಪರೀಕ್ಷೆಯ ವೇಳೆ ಮಾತ್ರ ಹೊಗೆ ಶುದ್ಧಿಯಾಗುವಂತೆ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ತಂತ್ರಾಂಶ ಅಡಗಿಸಿದ್ದು 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅಲ್ಲಿ ಮುಚ್ಚಿಟ್ಟದ್ದು ನೈಟ್ರೋಜನ್ ಆಕ್ಸೈಡನ್ನು. ಅದನ್ನು ಪಳಗಿಸಲು ಈಗ ಹೊಗೆಕೊಳವೆಗೆ ಯೂರಿಯಾ ದ್ರಾವಣ ಸಿಂಪಡಿಸುತ್ತಾರೆ. ಅದು ಅಮೋನಿಯಾ ಆಗಿ, ವಿಷವನ್ನು ಸಾರಜನಕ ಮತ್ತು ನೀರಾಗಿ ಒಡೆಯುತ್ತದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ನಾವು ದಿನವೂ ಅಳೆಯುವ ಅದೇ ಯೂರಿಯಾ.